ತುಂಬದೆ ಬಿಟ್ಟ ಸಂದು

ಸೇಡಂ, ಚಿತ್ತಾಪುರ, ಶಹಾಬಾದಗಳ ಕಾಲೇಜುಗಳಲ್ಲಿ ಮೂವತ್ತೆರಡು ವರ್ಷ ಕನ್ನಡ ಕಲಿಸಿ ಈಗ ನಿವೃತ್ತರಾಗುತ್ತಿರುವ ಶ್ರೀ ಗುರುಲಿಂಗಪ್ಪನವರು ಪಾಠವನ್ನೂ ಪೂಜೆಯನ್ನೂ ಬೇರೆಂದು ಬಗೆದವರಲ್ಲ. ಇಷ್ಟಲಿಂಗಕ್ಕೆ ನೀರೆರೆದ ಕೈಯ ತಂಪು ಆರುವ ಮೊದಲೇ ಅವರು ಸೀಮೆಸುಣ್ಣ ಹಿಡಿಯುತ್ತಿದ್ದರು. ಆಗ ವಾಡಿಯ ಕಡೆ ಹೋಗುವ ರೈಲುಗಾಡಿಯ ಸದ್ದೂ ಮೆತ್ತಗಾಗುತ್ತಿತ್ತೆಂದು ಶಿಷ್ಯರು ಇಂದಿಗೂ ಹೇಳುತ್ತಾರೆ.

ಇಂಥವರಿಂದಲೂ ಒಮ್ಮೆ ತಪ್ಪಾಯಿತು. ಅದನ್ನು ಬರೆಯದಿದ್ದರೆ ಈ ಅಭಿನಂದನ ಸಂಪುಟವೇ ಬೇಡವೆಂದು ಹಟ ಹಿಡಿದವರೂ ಅವರೇ.

ಶಹಾಬಾದಕ್ಕೆ ಬಂದ ಮೊದಲ ವರ್ಷ ಅವರು ಕಿರುಪರೀಕ್ಷೆಯಲ್ಲಿ "ಸಂಸ್ಕೃತಿ ಎಂದರೇನು?" ಎಂದು ಕೇಳಿದ್ದರು. ಹುಸ್ನಾ ಎಂಬ ವಿದ್ಯಾರ್ಥಿನಿ, ಗುರುಗಳು ಬರೆಸಿದ್ದ ವ್ಯಾಖ್ಯೆಯನ್ನು ಬಿಟ್ಟು, "ನಮ್ಮಪ್ಪ ನೆಲಕ್ಕೆ ಪರಸಿಕಲ್ಲು ಹಾಸುವಾಗ ಒಂದು ಸಂದು ತುಂಬದೆ ಬಿಡುತ್ತಾನೆ" ಎಂದಷ್ಟೇ ಬರೆದು ಪುಟದ ಉಳಿದ ಭಾಗವನ್ನು ಖಾಲಿ ಬಿಟ್ಟಿದ್ದಳು. ಗುರುಗಳು ಕೆಂಪು ಮಸಿಯಲ್ಲಿ ಸೊನ್ನೆ ಸುತ್ತಿದರು. ಮರುವಾರದಿಂದ ಹುಸ್ನಾ ತರಗತಿಗೆ ಬರಲಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಗುರುಗಳ ಮನೆಗೆ ಹೊಸ ಪರಸಿ ಹಾಸಿದವನು ಮಶಾಕ. ಸಂಜೆಯ ಹೊತ್ತಿಗೆ ನೀಲಿ ಕಲ್ಲುಗಳು ಕಾಗಿಣಾ ಹೊಳೆಯ ನಿಂತ ನೀರಿನಂತೆ ಮಿನುಗುತ್ತಿದ್ದವು. ದೇವರ ಕೋಣೆಯ ಮುಂದಿನ ಒಂದು ಸಂದು ಮಾತ್ರ ಹಾಗೇ ಉಳಿದಿತ್ತು.

"ಯಾಕ ಮಶಾಕಣ್ಣ, ಸಿಮೆಂಟ ತೀರಿತೇನು?"

"ಈ ಸೀಮ್ಯಾಗ ಸಿಮೆಂಟ ತೀರ್ತದೇನ್ರಿ ಸರ! ಅವ್ವಾರಿಗಿ ಕರೀರಿ. ಮನೀ ಹೆಣ್ಮಗಳ ಬೆರಳು ಬೀಳ್ಲಾರ್ದ ಕಲ್ಲು ಬರೇ ಕಲ್ಲೇರಿ. ನಮ್ಮಪ್ಪನೂ ಹಿಂಗೇ ಬಿಡ್ತಿದ್ದ."

ಕಣ್ಣು ಮಂಜಾಗಿದ್ದ ತಾಯಿ ದಾನಮ್ಮ ತಡವರಿಸುತ್ತ ಬಂದು ಕುಳಿತರು. ಹಣೆಗೆ ವಿಭೂತಿ ಎಳೆಯುವಷ್ಟು ಮೆಲ್ಲಗೆ ಹಸಿ ಸಿಮೆಂಟನ್ನು ಆ ಸಂದಿಗೆ ಹೆಬ್ಬೆರಳಿನಿಂದ ಒತ್ತಿ, "ಈಗ ಮನಿ ತಣ್ಣಗಾತು ನೋಡಪ್ಪ" ಎಂದರು. ಗುರುಗಳಿಗೆ ತಾವು ಸೊನ್ನೆ ಸುತ್ತಿದ್ದ ಆ ಒಂದು ಸಾಲು ನೆನಪಾಯಿತು.

"ಹುಸ್ನಾ ನಿನ್ನ ಮಗಳೇನು?"

"ಹೂಂ ರಿ. ಸೊನ್ನಿ ಬಂದಾಗಿಂದ ಸಾಲಿ ಸಾಕು ಅಂತ ಕುಂತಾಳ್ರಿ."

ಮರುದಿನ ಬೆಳಿಗ್ಗೆ ಅವರು ಕಲ್ಲು ಪಾಲಿಶ್ ಮಾಡುವ ಓಣಿಯಲ್ಲಿದ್ದ ಮಶಾಕನ ಮನೆಯ ಹೊಸ್ತಿಲಲ್ಲಿ ನಿಂತಿದ್ದರು. "ಪೂರ್ತಿ ಯಾಕ ಬರೀಲಿಲ್ಲವ್ವ?"

ಹುಸ್ನಾ ತಲೆ ಎತ್ತಲಿಲ್ಲ. "ಉಳಿದಿದ್ದು ನೀವು ತುಂಬ್ತೀರಿ ಅಂತ ಬಿಟ್ಟಿದ್ದೆರಿ ಸರ."

"ನಾ ಸೊನ್ನಿ ತುಂಬಿದೆನವ್ವ. ತಪ್ಪಾತು. ನಾಳಿಂದ ಬಾ."

ಅಂದಿನಿಂದ ಅವರು ವ್ಯಾಖ್ಯೆ ಬರೆಸಲಿಲ್ಲ. "ನಿಮ್ಮ ಮನ್ಯಾಗ ಯಾರೂ ಹೇಳ್ಲಾರ್ದ ಮಾಡೋದು ಏನದ, ಅದನ್ನ ಬರೀರಿ" ಎನ್ನುತ್ತಿದ್ದರು. ರೊಟ್ಟಿ ಬಡಿಯುವ ಲಯದಿಂದ, ಕುರಿ ಕರೆಯುವ ಕೂಗಿನಿಂದ ಆ ಮಕ್ಕಳ ಕವಿತೆಗಳು, ಕತೆಗಳು ಹುಟ್ಟಿದವು. ಸಂಸ್ಕೃತಿ ಅವರಿಗೆ ಅನ್ಯರ ಮನೆಯ ಒಡವೆಯಾಗಿ ಉಳಿಯಲಿಲ್ಲ.

ಹುಸ್ನಾ ಈಗ ಚಿಂಚೋಳಿಯ ಪಕ್ಕದ ಚಂದಾಪುರದಲ್ಲಿ ಕನ್ನಡದ ಉಪನ್ಯಾಸಕಿ. ದಾನಮ್ಮನವರು ಶಿವೈಕ್ಯರಾಗಿದ್ದಾರೆ; ಅವರ ಹೆಬ್ಬೆರಳಿನ ಗುರುತು ಮಾತ್ರ ದೇವರ ಕೋಣೆಯ ಮುಂದೆ ಹಾಗೇ ಇದೆ. ಪೂಜೆಗೆ ಹೋಗುವಾಗ ಗುರುಗಳು ಅದನ್ನು ದಾಟಿ ಕಾಲಿಡುತ್ತಾರೆ.

ಈ ಸಂಪುಟದ ಕೊನೆಯ ಪುಟವನ್ನು ಹುಸ್ನಾ ಖಾಲಿ ಬಿಡಿಸಿದ್ದಾರೆ. ಅದನ್ನು ತುಂಬಬೇಕಾದವರು ಗುರುಗಳು. ಅವಸರವೇನಿಲ್ಲ, ನೂರು ತುಂಬಿದ ಮೇಲೆ ಬರೆದರೂ ಆದೀತು. ಅಲ್ಲಿಯವರೆಗೆ ಶರಣರು ಅವರ ಕೈಯನ್ನು ತಂಪಾಗಿಟ್ಟಿರಲಿ.