ಮಾವನವರು ಮಾರಿದ ಸೋಡಾ ಫೌಂಟನ್

ನಮ್ಮ ಮಾವನವರ ಹಣೆಯ ವಿಭೂತಿ ಬೆಳಿಗ್ಗೆ ಬೆಳ್ಳಗಿರುತ್ತಿತ್ತು, ಮಧ್ಯಾಹ್ನಕ್ಕೆ ಮಾಸುತ್ತಿತ್ತು, ಸಂಜೆಗೆ ಕಪ್ಪಾಗಿರುತ್ತಿತ್ತು. ಬೆವರು ಒರೆಸಿಕೊಳ್ಳಲು ಅವರು ಟವೆಲ್ ಹುಡುಕುತ್ತಿರಲಿಲ್ಲ; ಗ್ರೀಸು ಮೆತ್ತಿದ ಮುಂಗೈಯನ್ನೇ ಹಣೆಗೆ ಎಳೆದುಕೊಳ್ಳುತ್ತಿದ್ದರು. ಮೂರು ಬಿಳಿ ಪಟ್ಟೆಗಳ ಮೇಲೆ ಒಂದು ಕರಿ ಪಟ್ಟೆ. ನಾನು ಮದುವೆಯಾಗಿ ವಿಜಯನಗರದ ಆ ಮನೆಗೆ ಬಂದ ಮೊದಲ ವಾರವೇ ಅತ್ತೆ ಎಚ್ಚರಿಸಿದ್ದರು: "ನಿಮ್ಮ ಮಾವನ್ನ ಒಂದ್ ಕಡೆ ಕೂರಿಸ್ಬೇಕು ಅಂದ್ರೆ ಗೋಂದು ಹಚ್ಬೇಕು ಕಣಮ್ಮ. ನನ್ ಕೈಲಾಗ್ಲಿಲ್ಲ, ನಿನ್ ಕೈಲಾದ್ರೆ ನೋಡು."

ನನ್ನ ಕೈಲೂ ಆಗಲಿಲ್ಲ. ಅವರು ಮೇಟಗಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಹಳ್ಳಿಯಿಂದ ಬಂದು, ಮಠದ ಹಾಸ್ಟೆಲಿನಲ್ಲಿ ಉಂಡು, ಅಲ್ಲೇ ಮಲಗಿ, ಐಟಿಐ ಓದಿದವರು. ತೊಂಬತ್ತರ ದಶಕದ ಕೊನೆಯಲ್ಲಿ ಕಾರ್ಖಾನೆಯವರು ಸ್ವಯಂ ನಿವೃತ್ತಿ ತೆಗೆದುಕೊಳ್ಳಿ ಎಂದಾಗ ತೆಗೆದುಕೊಂಡು ಮನೆಗೆ ಬಂದರು. ಬಂದಮೇಲೆ ಮನೆಯಲ್ಲಿ ಒಂದು ಸ್ಕ್ರೂಗೂ ನೆಮ್ಮದಿ ಇರಲಿಲ್ಲ. ಚೆನ್ನಾಗಿ ತಿರುಗುತ್ತಿದ್ದ ಫ್ಯಾನುಗಳನ್ನು ಇಳಿಸಿದರು. ಪಕ್ಕದ ಮನೆಯವರ ನೀರಿನ ಪಂಪನ್ನು "ಸದ್ದೇ ಬರ್ತಿಲ್ವಲ್ಲ, ಅದೇ ಅನುಮಾನ" ಎಂದು ಬಿಚ್ಚಿ ಹರಡಿದರು. ಪಾಪ, ಅದು ಮತ್ತೆ ಜೋಡಣೆಯಾಗುವ ತನಕ ಆ ಮನೆಯವರು ನಮ್ಮ ಮನೆಯಿಂದ ಕೊಡದಲ್ಲಿ ನೀರು ಹೊತ್ತರು. "ಕೆಲ್ಸಿಲ್ದ ಆಚಾರಿ ಮಗನ ಕುಂಡೆ ಕೆತ್ತಿದ್ನಂತೆ" ಎಂದು ಅತ್ತೆ ಒಳಗಿನಿಂದಲೇ ಗೊಣಗುತ್ತಿದ್ದರು. ಕೆತ್ತಿಸಿಕೊಳ್ಳಬೇಕಾದ ಮಗ, ಅಂದರೆ ನನ್ನ ಗಂಡ, ಶಿಫ್ಟಿನ ನೆಪ ಹೇಳಿ ಬೇಗನೆ ಮನೆ ಬಿಡುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಲಗೇಜ್ ಆಟೋದಲ್ಲಿ ಸೋಡಾ ಫೌಂಟನ್ ಬಂತು. ಊರಿನ ಹಳೆಯ ಕ್ಲಬ್ಬೊಂದನ್ನು ಕೆಡವುತ್ತಿದ್ದರು. ಗುಜರಿಯವನು ಹಿತ್ತಾಳೆಯ ತೂಕಕ್ಕೆ ಕೊಳ್ಳಲು ನಿಂತಿದ್ದಾಗ ಮಾವನವರು ಅಡ್ಡ ಹೋಗಿ ತಾವೇ ಕೊಂಡುಬಂದಿದ್ದರು. ಅದು ಏನು ಅಂತ ಈಗಿನವರಿಗೆ ಹೇಳಲೇಬೇಕು. ಅಂಗಡಿಯ ಕಟ್ಟೆಯಷ್ಟು ಉದ್ದದ ಮೇಜು, ಮೇಲೆ ಮಾರ್ಬಲ್ ಹಾಸು, ಅದರ ನಡುವೆ ಬಾತುಕೋಳಿಯ ಕತ್ತಿನ ಹಾಗೆ ಬಾಗಿದ ಎರಡು ನಲ್ಲಿ, ಪಕ್ಕದಲ್ಲಿ ಷರಬತ್ತಿನ ಪಿಂಗಾಣಿ ಜಾಡಿಗಳು, ಕೆಳಗೆ ಐಸು ತುಂಬುವ ಪೆಟ್ಟಿಗೆ. ಒಳಗೊಂದು ತಾಮ್ರದ ಹಂಡೆಯಲ್ಲಿ ನೀರಿಗೆ ಗ್ಯಾಸು ಬೆರೆತು, ನಲ್ಲಿ ತಿರುಗಿಸಿದರೆ ಸೋಡಾ ಬರಬೇಕು. ನಮ್ಮ ಮನೆಗೆ ಬಂದಾಗ ಬಂದದ್ದು ಹಲ್ಲಿಮೊಟ್ಟೆ ಮತ್ತು ಪಾಚಿ. ಅದನ್ನು ಅವರು ಇಳಿಸಿದ್ದು ಮುಂದಿನ ಕೋಣೆಯಲ್ಲಿ.

ಆ ಕೋಣೆ ನನಗೆ ಬೇಕಾಗಿತ್ತು. ರಸ್ತೆಗೆ ಬಾಗಿಲಿದ್ದ, ಬೆಳಕಿದ್ದ ಒಂದೇ ಕೋಣೆ ಅದು. ನಾನು ಹೊಲಿಗೆ ಕಲಿತು, ಡಿಪ್ಲೊಮಾ ಮಾಡಿಕೊಂಡು ಬಂದವಳು. ಅಡುಗೆಮನೆಯ ಪಕ್ಕದ ಓಣಿಯಂಥ ಜಾಗದಲ್ಲಿ ಮಿಷನ್ ಹಾಕಿಕೊಂಡು, ಒಗ್ಗರಣೆಯ ಘಾಟಿನಲ್ಲಿ ರವಿಕೆ ಹೊಲಿಯುತ್ತಿದ್ದೆ. ಅಳತೆ ಕೊಡಲು ಬಂದ ಹೆಂಗಸರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು, ಆ ಹೊತ್ತಿಗೇ ಮಾವನವರು ಸ್ಪ್ಯಾನರ್ ಹುಡುಕುತ್ತ ಮಧ್ಯೆ ನುಗ್ಗಬೇಕು. ಮುಂದಿನ ಕೋಣೆ ಸಿಕ್ಕರೆ ಹೊಲಿಗೆಯ ತರಗತಿ ನಡೆಸಬಹುದು, ನನ್ನದೂ ಅಂತ ಒಂದು ಬಾಗಿಲು ಇರುತ್ತದೆ ಎಂದು ನಾನು ಹಗಲುಗನಸು ಕಂಡದ್ದೇ ಕಂಡದ್ದು. ಕೇಳಿದಾಗ ಅವರು ತಕ್ಷಣ ಒಪ್ಪಿದ್ದರು.

"ರಿಪೇರಿ ಮಾಡಿ ಮಾರ್ಬುಡ್ತೀನಿ ಕಣಮ್ಮ. ಯುಗಾದಿಗೆ ರೂಮು ನಿಂದು."

ಯಾವ ಯುಗಾದಿ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೆಲಸ ಮಾತ್ರ ನೋಡಲೇಬೇಕಾದದ್ದು. ಹಂಡೆಗೆ ಕಲಾಯಿ ಹಾಕಿಸಿದರು. ಸಿಕ್ಕದ ವಾಶರುಗಳನ್ನು ಹಳೆಯ ಟ್ಯೂಬಿನಲ್ಲಿ ಕತ್ತರಿಸಿ ನೋಡಿ, ಸರಿಬಾರದೆ ಬಿಸಾಡಿ, ಕೊನೆಗೆ ಚರ್ಮದಲ್ಲಿ ಮಾಡಿಕೊಂಡರು. ನಲ್ಲಿಗಳಿಗೆ ನಿಕ್ಕಲ್ ಪಾಲಿಶ್ ಮಾಡಿಸಿದರು. ಮಾರ್ಬಲ್ಲಿನ ಕಲೆಗೆ ಅತ್ತೆಯ ಹುಣಿಸೇಹಣ್ಣು ಖಾಲಿಯಾಯಿತು, ಕಲೆ ಹೋಗಲಿಲ್ಲ, ಹೊಳಪು ಹೋಯಿತು. ಮತ್ತೆ ಅದನ್ನು ಉಜ್ಜಿಸಿದರು. ಊಟಕ್ಕೆ ಕರೆದರೆ ನಿಂತುಕೊಂಡೇ ತುತ್ತು ನುಂಗಿ ಓಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೂ ಓಣಿಯಿಂದ ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೊದಲ ಸೋಡಾ ಬಂದ ದಿನ ಸೊಗದೆ ಬೇರಿನ ಷರಬತ್ತು ಬೆರೆಸಿ ಮೊದಲ ಲೋಟ ಅತ್ತೆಗೆ ಕೊಟ್ಟರು. ಅತ್ತೆ ಕುಡಿದು, ತೇಗಿ, "ಚೆನ್ನಾಗದೆ, ಇನ್ನು ತಗೊಂಡೋಗಿ ಮಾರಿ" ಎಂದರು.

ಮಾರುವುದೇ ಫಜೀತಿಯಾಯಿತು. ಮಾವನವರಿಗೆ ಮಠದಿಂದ ಬಂದ ಒಂದು ನೇಮವಿತ್ತು: ಮನೆಗೆ ಬಂದವರಿಗೆ ಮೊದಲು ಕುಡಿಯಲು ಕೊಡಬೇಕು, ಮಿಕ್ಕ ಮಾತೆಲ್ಲ ಆಮೇಲೆ. ಸರಿ, ಒಳ್ಳೆಯದೇ. ಆದರೆ ಅವರು ಅದಕ್ಕೆ ತಮ್ಮದೇ ಒಂದು ಬಾಲ ಸೇರಿಸಿದ್ದರು. ನಮ್ಮ ಕೈಯಿಂದ ಕುಡಿದವನು ಅತಿಥಿ. ಅತಿಥಿಯ ಹತ್ತಿರ ಚೌಕಾಸಿ ಮಾಡಬಾರದು. ಫೌಂಟನ್ ಮಾರಬೇಕಾದರೆ ಅದು ನಡೆಯುವುದನ್ನು ತೋರಿಸಬೇಕು. ತೋರಿಸಿದರೆ ಸೋಡಾ ಬರುತ್ತದೆ. ಸೋಡಾ ಬಂದರೆ ಎದುರು ನಿಂತವನಿಗೆ ಕೊಡದೆ ಇರಲಾಗುವುದಿಲ್ಲ. ಕೊಟ್ಟಮೇಲೆ ಬೆಲೆಯ ಮಾತು ಎತ್ತಲಾಗುವುದಿಲ್ಲ. ಬಂದವರೆಲ್ಲ ಹೊಟ್ಟೆ ತುಂಬ ಕುಡಿದು, ಅರ್ಧಕ್ಕರ್ಧ ಬೆಲೆಗೆ ಕೇಳಿದರೆ, ಇವರು "ನೀವು ಹೇಳಿದ್ರಲ್ಲ, ಸಂತೋಷ" ಎಂದು ನಕ್ಕು ಮಳೆ ಬೆಳೆಯ ವಿಷಯ ತೆಗೆಯುತ್ತಿದ್ದರು. ಬಂದವರು ಇದು ಹೂಂ ಎಂದೋ ಉಹೂಂ ಎಂದೋ ತಿಳಿಯದೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು.

ಇದರ ಜೊತೆಗೆ ಒಂದು ಷರತ್ತು ಬೇರೆ. ಕೊಂಡವರು ಅದನ್ನು ಓಡಿಸಬೇಕು, ಜನ ಕುಡಿಯಬೇಕು. ಬೆಂಗಳೂರಿನಿಂದ ಬಂದ ಹಳೇ ಸಾಮಾನಿನ ವ್ಯಾಪಾರಿಯೊಬ್ಬ "ನಲ್ಲಿ ಒಂದ್ ಕಡೆ, ಮಾರ್ಬಲ್ ಒಂದ್ ಕಡೆ ಮಾರಿದ್ರೆ ಜಾಸ್ತಿ ಗಿಟ್ಟುತ್ತೆ" ಎಂದಾಗ ಮಾವನವರು ಅವನಿಗೆ ಎರಡನೇ ಲೋಟ ಕೊಡಲಿಲ್ಲ. ಅವರ ಮಟ್ಟಿಗೆ ಅದು ಹೊಡೆದಷ್ಟೇ ಸಮ. ಹಿನಕಲ್ಲಿನ ಬೇಕರಿಯವರು ನಿಜವಾಗಿಯೂ ಓಡಿಸಲು ತಯಾರಿದ್ದರು, ಆದರೆ ಅವರ ಅಂಗಡಿಯ ಬಾಗಿಲಲ್ಲಿ ಅದು ತೂರುತ್ತಿರಲಿಲ್ಲ. ಯುಗಾದಿ ಬಂತು, ಹೋಯಿತು. ಇನ್ನೊಂದೂ ಹೋಯಿತು.

ಕೆಲಸ ಮುಗಿದದ್ದೇ ಅವರಿಗೆ ರೋಗವಾಯಿತು. ಗೇಟಿಗೆ ಹೋಗುವುದು, ಯಾರೂ ಬರಲಿಲ್ಲವೆಂದು ತಿರುಗುವುದು, ಸರಿಯಿದ್ದ ವಾಲ್ವನ್ನು ಬಿಚ್ಚುವುದು, ಮತ್ತೆ ಕೂರಿಸುವುದು, ಮತ್ತೆ ಗೇಟಿಗೆ. ಅವರ ಚಪ್ಪಲಿಯ ಸದ್ದಿಗೆ ನನ್ನ ಹೊಲಿಗೆಯ ಗೆರೆ ಸೊಟ್ಟಗಾಗುತ್ತಿತ್ತು. ಬೀದಿಯವರೆಲ್ಲ ಬಿಟ್ಟಿ ಸೋಡಾ ಕುಡಿಯಲು ಕಲಿತರು. ನಾನು ಒಂದು ದಿನ ಕತ್ತರಿ ಕೆಳಗಿಟ್ಟು ಹೇಳಿಯೇಬಿಟ್ಟೆ.

"ಮಾವ, ಮುಂದಿನ ಸಲ ಯಾರಾದ್ರೂ ಬಂದ್ರೆ ನೀವು ನಲ್ಲಿ ತಿರುಗ್ಸಿ ಅಷ್ಟೆ. ಮಾತು ನಾನಾಡ್ತೀನಿ. ವ್ಯಾಪಾರ ಕುದುರೋ ತನಕ ಅವರಿಗೆ ಒಂದು ಹನಿ ಕೊಡಂಗಿಲ್ಲ."

"ಸೋಡಾ ಬಂದ್ಮೇಲೆ ಏನ್ಮಾಡ್ಲಮ್ಮ? ಮೋರಿಗೆ ಚೆಲ್ಲಾ?" ಅವರ ಮುಖ ನೋಡಬೇಕಿತ್ತು.

"ಯಾಕೆ ಚೆಲ್ತೀರಿ? ನಾನು ಕುಡೀತೀನಿ. ನಾನು ಮನೆಯವಳಲ್ವಾ? ನಂಗೆ ಕುಡಿಸಿದ್ರೆ ಯಾವ ನೇಮಾನೂ ಕೆಡಲ್ಲ."

ಅವರು ಯೋಚಿಸುತ್ತ ಗೇಟಿನ ತನಕ ಹೋಗಿ ಬಂದರು. "ಆಯ್ತು, ಅಂಗೇ ಮಾಡ್ಬುಡು" ಎಂದರು.

ಶ್ರೀರಂಗಪಟ್ಟಣದ ಕಡೆ ಹೊಸದಾಗಿ ಏಳುತ್ತಿದ್ದ ಒಂದು ರೆಸಾರ್ಟಿನ ಯಜಮಾನರು ಕಾರಿನಲ್ಲಿ ಬಂದದ್ದು ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ. ದಪ್ಪ ಆಸಾಮಿ, ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಮಾವನವರು ನಲ್ಲಿ ತಿರುಗಿಸಿದರು, ನೊರೆಯುಕ್ಕಿ ಲೋಟ ತುಂಬಿತು, ಯಜಮಾನರು ಕೈ ಚಾಚಿದರು. ನಾನು ಮಧ್ಯದಲ್ಲಿ ಲೋಟ ತೆಗೆದುಕೊಂಡು ಗಟಗಟ ಕುಡಿದೆ.

"ನೋಡಿ ಸಾರ್, ಗ್ಯಾಸು ಎಷ್ಟು ಗಟ್ಟಿಯಾಗಿದೆ" ಎಂದೆ. ಕಣ್ಣಲ್ಲಿ ನೀರು ಬಂದಿತ್ತು.

ಅವರು ಒಂದು ಬೆಲೆ ಹೇಳಿದರು. ನಾನು ಆಗದೆಂದು ತಲೆಯಾಡಿಸಿ, ಬಲಗಡೆಯ ನಲ್ಲಿಯನ್ನೂ ತೋರಿಸಿ ಎಂದು ಮಾವನಿಗೆ ಹೇಳಿದೆ. ಎರಡನೇ ಲೋಟ. ಅವರು ಕೊಂಚ ಏರಿದರು, ನಾನು ಕೊಂಚ ಇಳಿದೆ. ಮೂರನೆಯದು ಸೊಗದೆಬೇರಿನದು. ಮಾತಿನ ನಡುವೆ ಎಂಥ ತೇಗು ಬಂತೆಂದರೆ ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು. ಮದುವೆಯಾಗಿ ಬಂದ ಮನೆಯಲ್ಲಿ, ಮಾವನ ಎದುರಿಗೆ, ಪರಗಂಡಸಿನ ಮುಂದೆ! ನಾನು ಸೆರಗು ಸರಿಮಾಡಿಕೊಂಡು ಬೆಲೆಗೇ ಅಂಟಿಕೊಂಡೆ. ಮಾವನವರು ಮಾತ್ರ ಮುಳ್ಳಿನ ಮೇಲೆ ನಿಂತಿದ್ದರು. ಅವರು ನೋಡುತ್ತಿದ್ದದ್ದು ನನ್ನನ್ನಲ್ಲ, ಯಜಮಾನರ ಒಣಗಿದ ಗಂಟಲನ್ನು. ಕೈ ಲೋಟದ ಕಡೆ ಹೋಗುವುದು, ನಾನು ಕಣ್ಣು ಬಿಟ್ಟರೆ ಹಿಂದಕ್ಕೆ ಬರುವುದು. ಕೊನೆಗೆ ಯಜಮಾನರು, "ಆಯ್ತಮ್ಮ, ನೀವು ಹೇಳಿದ್ದೇ ಆಗ್ಲಿ" ಎಂದರು. ಆ ಮಾತು ಮುಗಿದಿರಲಿಲ್ಲ, ಮಾವನವರು ತುಂಬಿದ ಲೋಟವನ್ನು ಅವರ ಕೈಗೆ ತುರುಕಿಬಿಟ್ಟಿದ್ದರು.

"ಕುಡೀರಿ ಸ್ವಾಮಿ, ಕುಡೀರಿ. ತಪ್ಪು ತಿಳ್ಕೋಬೇಡಿ. ಇದನ್ನ ಓಡಿಸ್ತೀರಲ್ವಾ? ಸುಮ್ನೆ ನಿಲ್ಲಿಸ್ಬುಡಲ್ವಲ್ಲ?"

ಯಜಮಾನರು ಲೋಟ ಇಳಿಸದೆಯೇ ತಲೆಯಾಡಿಸಿದರು. ಆಮೇಲೆ ಬಾಯೊರೆಸಿಕೊಂಡು, ಹುಲ್ಲುಹಾಸಿನ ಪಕ್ಕ ಇಟ್ಟು ಬಂದವರಿಗೆಲ್ಲ ಸೋಡಾ ಕೊಡುತ್ತೇವೆ ಎಂದು ಬಾಯ್ತುಂಬ ಹೇಳಿದರು.

ಲಾರಿ ಹೋದ ಮಾರನೇ ಬೆಳಿಗ್ಗೆ ಮಾವನವರು ಕೋಣೆಯ ನೆಲದಲ್ಲಿದ್ದ ಪೈಪಿನ ತೂತಿಗೆ ಸಿಮೆಂಟು ಹಾಕಿದರು. ಅದು ಒಣಗುವ ಮೊದಲೇ ನನ್ನ ಮಿಷನ್ನನ್ನು ಓಣಿಯಿಂದ ತಾವೇ ಎಳೆದು ತಂದರು. ನನ್ನ ಹೊಲಿಗೆ ತರಗತಿಯ ಬೋರ್ಡಿಗೆ ಮೊಳೆ ಹೊಡೆದರು. ತರಗತಿ ಶುರುವಾಯಿತು, ಮೊದಲು ಇಬ್ಬರು ಹುಡುಗಿಯರು, ಆಮೇಲೆ ಕೂರಲು ಜಾಗವಿಲ್ಲದಷ್ಟು. ನನಗೆ ಆ ದಿನಗಳಲ್ಲಿ ಆದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಾನು ಹಾಡಿಕೊಂಡು ಹೊಲಿಯುತ್ತಿದ್ದೆ.

ಮಾವನವರು ಆಗಾಗ ಚೀಲದಲ್ಲಿ ಸ್ಪ್ಯಾನರ್ ಹಾಕಿಕೊಂಡು ಬಸ್ಸು ಹತ್ತಿ ರೆಸಾರ್ಟಿಗೆ ಹೋಗುತ್ತಿದ್ದರು. ಬಂದವರು ನೇರ ನನ್ನ ಕೋಣೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ ವರದಿ ಒಪ್ಪಿಸುತ್ತಿದ್ದರು. "ಇವತ್ತು ಒಂದ್ ಸಣ್ಣ ಹುಡ್ಗಿ ಕುಡಿದು ಮೂಗಿಗೆ ಗ್ಯಾಸು ಏರಿ ಸೀನಿದ್ದೇ ಸೀನಿದ್ದು ಕಣಮ್ಮ." ಇನ್ನೊಂದು ಸಲ, "ಎಡಗಡೆ ನಲ್ಲಿ ಸ್ವಲ್ಪ ಸೋರ್ತಿತ್ತು. ವಾಶರ್ ಬದಲಾಯ್ಸಿ ಬಂದೆ. ಏನ್ ಜನ ಅಂತೀಯ, ಸಾಲು ನಿಂತವ್ರೆ." ನಾನು ಪೆಡಲ್ ತುಳಿಯುತ್ತಲೇ ಹೂಂ ಹೂಂ ಎನ್ನುತ್ತಿದ್ದೆ. ಒಳ್ಳೆಯ ವ್ಯಾಪಾರ ಮಾಡಿದೆನೆಂದು ಪ್ರತಿ ಸಲವೂ ಹೆಮ್ಮೆಯಾಗುತ್ತಿತ್ತು.

ಅವರು ಹೋದದ್ದು ಕೆಲವು ವರ್ಷಗಳ ಮೇಲೆ. ಬೆಳಿಗ್ಗೆ ಎದೆನೋವೆಂದರು, ಆಟೋ ಬರುವಷ್ಟರಲ್ಲಿ ಮುಗಿದಿತ್ತು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂರಿಸಿಯೇ ಮಣ್ಣು ಮಾಡುತ್ತಾರೆ. ವಿಭೂತಿ ಧರಿಸಿ, ಹೂವಿನ ಹಾರ ಹಾಕಿಸಿಕೊಂಡು ಅವರು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನೋಡಿದಾಗಲೇ ನನಗೆ ಅವರು ಸತ್ತದ್ದು ನಿಜವೆನ್ನಿಸಿ ಅಳು ಬಂತು.

ಅದಾಗಿ ಒಂದು ವರ್ಷದ ಮೇಲೆ ಅದೇ ರೆಸಾರ್ಟಿನ ಕೆಲಸಗಾರರಿಗೆ ಯೂನಿಫಾರಂ ಹೊಲಿಯುವ ಕೆಲಸ ನನಗೆ ಸಿಕ್ಕಿತು. ಅಳತೆ ತೆಗೆಯಲು ಹೋದೆ. ಸ್ವಾಗತದ ಹಜಾರದಲ್ಲಿ ಫೌಂಟನ್ ಇತ್ತು. ಐಸು ತುಂಬುವ ಪೆಟ್ಟಿಗೆಯಲ್ಲಿ ಮಣ್ಣು ಹಾಕಿ ಹೂವಿನ ಗಿಡ ನೆಟ್ಟಿದ್ದರು. ಬಾಗಿ ನೋಡಿದೆ, ಕೆಳಗೆ ನೀರಿನ ಪೈಪೇ ಇರಲಿಲ್ಲ. ಸ್ವಾಗತದ ಮೇಜಿನ ಹಿಂದಿದ್ದ ಹುಡುಗಿಯನ್ನು ಇದು ಕೆಟ್ಟು ಎಷ್ಟು ದಿನವಾಯಿತು ಎಂದು ಕೇಳಿದೆ.

"ಇದು ಯಾವತ್ತೂ ಓಡಿಲ್ಲ ಮೇಡಂ. ತಂದಾಗಿಂದ ಶೋಗೇ ಇಟ್ಟಿರೋದು. ಮೊದಲು ಒಬ್ಬರು ಅಜ್ಜ ಬರೋರು, ಪೈಪ್ ಹಾಕಿಕೊಡ್ತೀನಿ ಅಂತ. ನಮ್ಮೋರು ಬೇಡ ಅಂದ್ರು. ಆಮೇಲೂ ಬರೋರು, ನಲ್ಲಿ ಒರೆಸಿ ಹೋಗೋರು."

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಚೀಲವನ್ನೂ ಇಳಿಸದೆ ಕೂಗಾಡಿದೆ: ಆ ದಪ್ಪ ಮನುಷ್ಯ ನಮಗೆ ಮೋಸ ಮಾಡಿದ, ಮಾವ ಇಷ್ಟು ವರ್ಷ ನನ್ನ ಹತ್ತಿರ ಸುಳ್ಳು ಹೇಳಿದರು, ಹೇಳಿದ್ದರೆ ನಾನೇ ಹೋಗಿ ಜಗಳ ಮಾಡಿ ದುಡ್ಡು ಬಿಸಾಕಿ ವಾಪಸ್ಸು ತರುತ್ತಿದ್ದೆ ಎಂದೆ.

"ತರ್ತಿದ್ದೆ, ಗೊತ್ತು" ಎಂದರು ಅತ್ತೆ. "ಮೊದಲ ತಿಂಗಳೇ ನನ್ನ ಕರ್ಕೊಂಡೋಗಿ ತೋರಿಸಿದ್ರು. ಬಸ್ಸಲ್ಲಿ ವಾಪಸ್ ಬರೋವಾಗ ಕಣ್ಣೊರೆಸ್ಕೊಂಡು ಒಂದೇ ಮಾತು ಅಂದ್ರು. 'ಅವಳಿಗೆ ಹೇಳ್ಬೇಡ ಕಣೇ. ಗೊತ್ತಾದ್ರೆ ಆ ರೂಮು ಬಿಟ್ಟು ಎದ್ದು ಬಂದ್ಬುಡ್ತಾಳೆ' ಅಂತ."

ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆಯವರು ಅವರೆಕಾಯಿಯ ಮೊರವನ್ನು ನನ್ನ ಕಡೆಗೆ ಸರಿಸಿದರು. ಒಳಗೆ ಹುಡುಗಿಯರು ನನಗಾಗಿ ಕಾಯುತ್ತಿದ್ದರು, ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಹೋದೆ. ಎದ್ದು ಬರಲಿಲ್ಲ. ಇವತ್ತಿಗೂ ಆ ಕೋಣೆಯಲ್ಲೇ ಕೂತು ಹೊಲಿಯುತ್ತಿದ್ದೇನೆ.