ಎಡತೋಳಿನ ಎರಡು ಪಟ್ಟಿ

ಜಂಬ ಅಂದರೆ ಜಂಬವೇ ಸರಿ. ಹಳೆಯ ಫೋಟೋದಲ್ಲಿರುವ ಜರ್ಮನ್ ಸಿಪಾಯಿಯೊಬ್ಬನನ್ನು ನನ್ನ ಮುಂದಿಡಿ. ಅವನು ಕುದುರೆ ಪಡೆಯವನೋ, ಫಿರಂಗಿಯವನೋ, ಕಾಲಾಳೋ ಎಂದು ಲೋಟದ ಚಹಾ ಆರುವುದರೊಳಗೆ ಹೇಳುತ್ತೇನೆ. ನೈರೋಬಿಯ ಕನ್ನಡಿಗರಲ್ಲಿ ಈ ವಿದ್ಯೆ ಬಲ್ಲವಳು ನಾನೊಬ್ಬಳೇ. ಬೇರೆ ಯಾರಾದರೂ ಇದ್ದರೆ ನ್ಗಾರಾದ ನಮ್ಮ ಮನೆಗೆ ಬರಲಿ, ಕೂತು ನೋಡುವ.

ನನ್ನ ಗಂಡ ಇಲ್ಲಿನ ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್. ಅವರಿಗೆ ಇದೆಲ್ಲ ತಮಾಷೆ. "ಸತ್ತ ಸಿಪಾಯಿಗಳ ಜಾತಕ ನೋಡಿ ನಿಂಗೆ ಎಂತ ಸಿಗ್ತದೆ ಮಾರಾಯ್ತಿ? ಜಂಬದ ಕೋಳಿ!" ಎಂದು ರೇಗಿಸುತ್ತಿದ್ದರು. "ನಿಮ್ಮ ಮಾತ್ರೆಯಲ್ಲಿ ಸಿಗದ ಸಮಾಧಾನ ಸಿಗ್ತದೆ" ಎಂದು ನಾನೂ ಬಿಡುತ್ತಿರಲಿಲ್ಲ.

ವಿದ್ಯೆ ಬಂದದ್ದು ಅಜ್ಜನಿಂದ. ಮಂಗಳೂರಿನಲ್ಲಿ ಜರ್ಮನ್ ಮಿಷನ್ನಿನವರು ನಡೆಸುತ್ತಿದ್ದ ನೇಯ್ಗೆ ಕಾರ್ಖಾನೆಯಲ್ಲಿ ಅವರು ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಕಾರ್ಖಾನೆಯ ಜರ್ಮನ್ ದೊರೆಗಳನ್ನು ಹಿಡಿದುಕೊಂಡು ಹೋದರು. ಒಬ್ಬ ದೊರೆಯ ಫೋಟೋ ಆಲ್ಬಮ್ ಅಜ್ಜನ ಪೆಟ್ಟಿಗೆಯಲ್ಲೇ ಉಳಿಯಿತು. ಅದರ ತುಂಬ ದೊರೆಯ ಅಣ್ಣತಮ್ಮಂದಿರು, ಭಾವಂದಿರು, ಎಲ್ಲರೂ ಸಮವಸ್ತ್ರದಲ್ಲಿ. ಓರಗೆಯ ಮಕ್ಕಳು ಚೆನ್ನೆಮಣೆ ಆಡುವಾಗ ನಾನು ಅಜ್ಜನ ಪಕ್ಕ ಕೂತು ಆ ಆಲ್ಬಮ್ ತಿರುವಿದವಳು.

"ಹೇಳು ನೋಡುವ, ಇವ ಯಾರು? ಟೊಪ್ಪಿಯ ತುದಿ ಚೂಪು ಉಂಟಾ, ಕಾಲಾಳು. ಉರುಟು ಗುಂಡು ಉಂಟಾ, ಫಿರಂಗಿಯವ. ಎದೆಗೆ ಅಡ್ಡಡ್ಡ ಹುರಿ ಹೊಲಿದದ್ದು ಕಂಡ್ರೆ ಕುದುರೆಯವ. ಮುಖ ನೋಡ್ಬೇಡ ಮಗಾ, ಮುಖ ಮೋಸ ಮಾಡ್ತದೆ. ಬಟ್ಟೆ ನೋಡು" ಎನ್ನುತ್ತಿದ್ದರು. ಬಣ್ಣದವರಲ್ಲವೇ, ಇನ್ನೊಂದು ಗುಟ್ಟನ್ನೂ ಹೇಳಿಕೊಟ್ಟಿದ್ದರು: ಆ ಕಾಲದ ಫೋಟೋದಲ್ಲಿ ಕೆಂಪು ಬಣ್ಣ ಕಪ್ಪಾಗಿ ಬೀಳುತ್ತದೆ. ಖಾಕಿ ಹುಟ್ಟಿದ್ದೇ ತಮ್ಮ ಕಾರ್ಖಾನೆಯ ಹಂಡೆಯಲ್ಲಿ ಎಂಬುದು ಅವರ ವಾದ. "ಲೋಕದ ಸಿಪಾಯಿಗಳೆಲ್ಲ ನಮ್ಮ ಹಂಡೆಯಲ್ಲಿ ಅದ್ದಿ ತೆಗೆದವರು" ಎಂದು ಮೀಸೆ ನೀವಿಕೊಳ್ಳುತ್ತಿದ್ದರು. ನನ್ನ ಜಂಬ ಎಲ್ಲಿಯದು ಎಂದು ಈಗ ತಿಳಿಯಿತಲ್ಲ.

ನೈರೋಬಿಗೆ ಬಂದು ಹೊಲಿಗೆ ಟೀಚರಾದ ಮೇಲೂ ಈ ಹುಚ್ಚು ಬಿಡಲಿಲ್ಲ. ಆ ಯುದ್ಧದಲ್ಲಿ ಇಲ್ಲಿಯ ಗಡಿಯಾಚೆ, ಈಗಿನ ಟಾಂಜಾನಿಯಾದಲ್ಲಿ, ಜರ್ಮನರು ಕಟ್ಟಿದ್ದ ಆಫ್ರಿಕನ್ ಸಿಪಾಯಿಗಳ ಪಡೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದ ಗೆಳತಿ ಆ ಪುಸ್ತಕಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದುಕೊಡುತ್ತಿದ್ದಳು. ಅವಳು ಇಲ್ಲಿಯವಳೇ. ನಮ್ಮಿಬ್ಬರ ಮಾತು ಇಂಗ್ಲಿಷಿಗೆ ಸ್ವಾಹಿಲಿ ಕಲಸಿದ್ದು.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಒಂದು ಶುಕ್ರವಾರ ಅವಳು ಸ್ಟಾಫ್ ರೂಮಿನಲ್ಲಿ ಲಕೋಟೆಯೊಂದನ್ನು ನನ್ನ ಮುಂದಿಟ್ಟಳು. ಒಳಗೆ ಅಂಗೈಯಗಲದ ಫೋಟೋ, ಡೇರೆಯ ಮುಂದೆ ಮೂವರು ಸಿಪಾಯಿಗಳು. ನಡುವೆ ನಿಂತವನು ಎತ್ತರದ ಆಳು, ಬಲು ಚೆಂದ. ಅವನ ಕಾಲ ಬಳಿ ಒಬ್ಬ ಕೂತಿದ್ದಾನೆ. ಅಂಚಿನಲ್ಲಿ ಗಿಡ್ಡನೆಯವನೊಬ್ಬ ಕ್ಯಾಮೆರಾ ನೋಡದೆ ಪಕ್ಕಕ್ಕೆ ತಿರುಗಿ ನಿಂತಿದ್ದಾನೆ, ಕಿವಿ ಮೊರದ ಹಾಗೆ ಹೊರಗೆ ಚಾಚಿಕೊಂಡಿದೆ.

"ನಡುವಿನವನು ನನ್ನ ಅಜ್ಜ. ಯುದ್ಧಕ್ಕೆ ಹೋದಾಗ ನನ್ನ ಅಮ್ಮ ಹೊಟ್ಟೆಯಲ್ಲಿದ್ದಳು, ಅವನು ವಾಪಸ್ಸು ಬರಲಿಲ್ಲ. ಅಜ್ಜಿ ಹೆರಿಗೆಯಲ್ಲೇ ತೀರಿಹೋದಳು, ಉಳಿದದ್ದು ಈ ಫೋಟೋ ಒಂದೇ. ಅಮ್ಮನಿಗೆ ಕಣ್ಣು ಹೋಗುತ್ತಾ ಇದೆ, ಡಾಕ್ಟರ್ ಕೈಚೆಲ್ಲಿದ್ದಾರೆ. ಪೂರ್ತಿ ಕತ್ತಲಾಗುವ ಮೊದಲು ಅಪ್ಪನ ಮುಖ ದೊಡ್ಡದಾಗಿ ನೋಡಬೇಕಂತೆ. ಸೋಮವಾರ ಸ್ಟುಡಿಯೋಕ್ಕೆ ಕೊಡುತ್ತೇನೆ, ಅವನ ಮುಖವೊಂದನ್ನೇ ತೆಗೆದು ದೊಡ್ಡದು ಮಾಡಿಕೊಡುತ್ತಾರೆ. ಬ್ರಿಟಿಷರ ಯಾವ ಪಡೆ ಅಂತ ನೀನು ಹೇಳಿದರೆ ಕೆಳಗೆ ಬರೆಸುತ್ತೇನೆ" ಎಂದಳು.

"ಬ್ರಿಟಿಷರಲ್ಲ, ಜರ್ಮನರು" ಎಂದೆ. ಅದಕ್ಕೆ ಭೂತಗನ್ನಡಿಯೂ ಬೇಕಿರಲಿಲ್ಲ. ಬ್ರಿಟಿಷರ ಆಫ್ರಿಕನ್ ಸಿಪಾಯಿಗಳಿಗೆ ಮೊಣಕಾಲು ಕಾಣುವ ಚಡ್ಡಿ, ಬರಿಗಾಲು. ಇವರಿಗೋ ಉದ್ದ ಪ್ಯಾಂಟು, ಮೊಣಕಾಲಿನವರೆಗೆ ಸುತ್ತಿದ ಪಟ್ಟಿ, ಬೂಟು, ಟೊಪ್ಪಿಯ ಮೇಲೆ ಹದ್ದು.

ಅವಳ ಮುಖ ಸಪ್ಪಗಾಯಿತು. "ಹಾಗಾದರೆ ಶತ್ರುವಾ?"

"ಯಾರಿಗೆ ಶತ್ರು? ನನ್ನ ಅಜ್ಜನೂ ಜರ್ಮನರ ಅನ್ನ ಉಂಡವರೇ. ಎರಡೂ ಕಡೆಯವರು ಹಾಕಿದ್ದು ನಮ್ಮೂರಿನ ಖಾಕಿ. ಸುಮ್ಮನಿರು!" ಎಂದು ಗದರಿದೆ. "ಅಜ್ಜನ ಹೆಸರೇನು?"

"ಶೌಶಿ. ಅಮ್ಮನನ್ನು ಊರವರೆಲ್ಲ ಬಿಂಟಿ ಶೌಶಿ, ಶೌಶಿಯ ಮಗಳು ಅಂತಲೇ ಕರೆಯುವುದು."

ಅಯ್ಯೋ ದೇವರೇ, ನನಗೆ ಕೂತಲ್ಲಿ ಕೂರಲಾಗಲಿಲ್ಲ. ಶೌಶಿ ಹೆಸರಲ್ಲ, ಹುದ್ದೆ! ಆ ಪಡೆಯಲ್ಲಿ ಹವಾಲ್ದಾರನಂಥವನನ್ನು ಹಾಗೆ ಕರೆಯುತ್ತಿದ್ದರು. ನಮ್ಮ ಕಡೆ ಶಾನುಭೋಗಿಕೆ ಮಾಡಿದವರ ಮನೆಯವರೆಲ್ಲ ಶಾನುಭೋಗರೇ ಆಗಿಬಿಡುವುದಿಲ್ಲವೇ, ಥೇಟ್ ಹಾಗೆ. ಹುದ್ದೆಯೇ ಹೆಸರಾಗಿ, ಹೆಸರು ಯಾರಿಗೂ ನೆನಪಿಲ್ಲದೆ ಹೋಗಿದೆ. ಶೌಶಿಯಾದವನ ಎಡತೋಳಿನಲ್ಲಿ ಎರಡು ಕೆಂಪು ಪಟ್ಟಿ ಇರಲೇಬೇಕು. ನಡುವಿನ ಚೆಂದದವನ ತೋಳು ಬರಿದು, ಸೊಂಟದಲ್ಲಿ ಕಹಳೆ. ಕೂತವನಿಗೆ ಒಂದೇ ಪಟ್ಟಿ. ಅಂಚಿನ ಗಿಡ್ಡನ ತೋಳಿನಲ್ಲಿ ಮಾತ್ರ ಎರಡು ಕಪ್ಪು ಗೆರೆ, ಬಾಣದ ತುದಿಯ ಹಾಗೆ. ಗೆಳತಿಯ ಮನೆಯವರು ಅದನ್ನು ಇಷ್ಟು ಕಾಲ ಫೋಟೋದ ಕಲೆ ಎಂದುಕೊಂಡಿದ್ದರು.

"ನಿನ್ನ ಅಜ್ಜ ಇವನು" ಎಂದೆ.

ಗೆಳತಿಗೆ ಸಿಟ್ಟು ಬಂತು. "ಅಮ್ಮ ಹುಟ್ಟಿದಾಗಿನಿಂದ ಮುತ್ತಿಟ್ಟದ್ದು ನಡುವಿನವನಿಗೆ. ನೀನು ಒಂದು ತೋಳು ನೋಡಿ ಅವಳ ಅಪ್ಪನನ್ನೇ ಬದಲಾಯಿಸುತ್ತೀಯಾ? ಬಂದು ನೀನೇ ಹೇಳು ಅವಳಿಗೆ!"

"ಹೇಳ್ತೇನೆ, ಎಂತ ಹೆದರಿಕೆ?" ಎಂದೆ. ಹೆದರಿಕೆ ಇತ್ತು, ಸುಳ್ಳು ಯಾಕೆ. ಆದರೆ ಕಹಳೆಯವನ ಮುಖ ಗೋಡೆ ಏರಿ, ಆ ಮುದುಕಿ ಕಡೆಯದಾಗಿ ಯಾರೋ ಪರಕೀಯನನ್ನು ನೋಡಿ ಕಣ್ಣು ಕಳೆದುಕೊಳ್ಳುವುದನ್ನು ನೆನೆದು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಚರ್ಚು ಮುಗಿಸಿ ಮಟಾಟು ವ್ಯಾನು ಹತ್ತಿ ಲಂಗಾಟಾದ ಗೆಳತಿಯ ಮನೆಗೆ ಹೋದೆ. ಗೆಳತಿಯ ಅಮ್ಮ ಅಂಗಳದ ಬಿಸಿಲಿನಲ್ಲಿ, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿ ಕೂತಿದ್ದರು. ಇಲ್ಲಿ ಹಿರಿಯ ಹೆಂಗಸರಿಗೆಲ್ಲ ಮಾಮಾ ಎನ್ನುವುದು. ನಮ್ಮ ಸೋದರಮಾವನಲ್ಲ, ತಾಯಿ. "ಶಿಕಾಮೂ, ಮಾಮಾ" ಎಂದು ನಮಸ್ಕರಿಸಿ, ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಬಂದ ಸ್ವಾಹಿಲಿಯಲ್ಲಿ ಎಲ್ಲ ಹೇಳಿದೆ. ಅವರು ನನ್ನ ಭೂತಗನ್ನಡಿ ಇಸಿದುಕೊಂಡು ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇವನು ನನ್ನ ಅಪ್ಪನಾದರೆ ನನ್ನ ಕಡೆ ಯಾಕೆ ನೋಡುವುದಿಲ್ಲ?" ಎಂದು ಕೇಳಿದರು.

ಫೋಟೋವನ್ನು ಇನ್ನೊಮ್ಮೆ ನೋಡಿದ್ದೇ ತಡ, ಉತ್ತರ ಅಲ್ಲೇ ಇತ್ತು. "ಮಾಮಾ, ಅವರು ಮುಖ ತಿರುಗಿಸಿಕೊಂಡದ್ದಲ್ಲ, ತೋಳು ತೋರಿಸುತ್ತಾ ಇದ್ದಾರೆ. ನೇರ ನಿಂತರೆ ಪಟ್ಟಿ ಪೂರ್ತಿ ಕಾಣುವುದಿಲ್ಲ. ಆ ಎರಡು ಪಟ್ಟಿ ಮನೆಯವರು ನೋಡಬೇಕು ಅಂತ ಬೇಕೆಂದೇ ಪಕ್ಕಕ್ಕೆ ತಿರುಗಿ ನಿಂತಿದ್ದಾರೆ. ಅದು ನಿಮಗೆ ತೋರಿಸಲಿಕ್ಕೇ."

ಮುದುಕಿಯ ಗಲ್ಲ ನಡುಗಿತು. ಗೆಳತಿ ಎದ್ದು ಬಂದು ಅವರ ಹೆಗಲು ಹಿಡಿದಳು. ಅಮ್ಮ ಅಳುತ್ತಾಳೆ ಎಂದು ಅವಳು ಎಣಿಸಿದ್ದು, ನಾನೂ ಅಷ್ಟೇ. ಅವರು ನಕ್ಕುಬಿಟ್ಟರು! "ಹಾಗಾದರೆ ಇಷ್ಟು ವರ್ಷ ನನ್ನ ಕಷ್ಟವನ್ನೆಲ್ಲ ಈ ಪೀಪಿ ಊದುವವನಿಗೆ ಹೇಳಿಕೊಂಡೆನಾ?" ಎಂದು ನಡುವಿನವನ ಮೇಲೆ ಬೆರಳಿನಿಂದ ಕುಟ್ಟಿದರು. ಆಮೇಲೆ ಎರಡೂ ಕೈಯೆತ್ತಿ ತಲೆಯ ಬಟ್ಟೆಯನ್ನು ಬಿಚ್ಚಿದರು. ಚಿಕ್ಕಂದಿನಲ್ಲಿ ಮಕ್ಕಳೆಲ್ಲ ಗೇಲಿ ಮಾಡಿದ್ದಕ್ಕೆ ಅಲ್ಲಿಂದ ಇಲ್ಲಿಯವರೆಗೆ ಮುಚ್ಚಿಟ್ಟುಕೊಂಡಿದ್ದರಂತೆ. ಮೊರದ ಹಾಗೆ ಚಾಚಿಕೊಂಡ ಎರಡು ಕಿವಿ, ಫೋಟೋದಲ್ಲಿ ಇದ್ದಂಥದ್ದೇ. ಮುಖ ನೋಡಬೇಡ ಎಂದಿದ್ದ ಅಜ್ಜ ಕಿವಿಯ ವಿಷಯ ಏನೂ ಹೇಳಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಜೊತೆಗೆ ಹೆಮ್ಮೆಯೂ. ಯಾವುದು ಹೆಚ್ಚು ಎಂದು ಕೇಳಬೇಡಿ.

ಸೋಮವಾರ ಸ್ಟುಡಿಯೋಕ್ಕೆ ಹೋದದ್ದು ಅಂಚಿನವರ ಮುಖ. ಮುಖ ಮಾತ್ರ ಅಲ್ಲ, ತೋಳೂ ಸೇರಿ. ಅದು ಮುದುಕಿಯ ಹಟ.

ಆ ಭಾನುವಾರ ಹೊರಡುವ ಮೊದಲು ನಾನು ಚೀಲದಿಂದ ಕ್ಯಾಮೆರಾ ತೆಗೆದು, "ಒಂದು ಫೋಟೋ ತೆಗೆಯುತ್ತೇನೆ ಮಾಮಾ, ನನ್ನ ಕಡೆ ನೋಡಿ" ಎಂದೆ. ಅವರು ಬರಿದಲೆಯಲ್ಲೇ ಬೆನ್ನು ನೆಟ್ಟಗೆ ಮಾಡಿ, ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿ, ಎಡತೋಳು ನನ್ನತ್ತ ಹಿಡಿದು ಕೂತರು. ಮುಖ ಕಾಣುವುದಿಲ್ಲ, ನೇರ ಕೂತುಕೊಳ್ಳಿ ಎಂದು ಗೆಳತಿ ಗೋಗರೆದಳು.

"ಸುಮ್ಮನಿರು" ಎಂದರು ಮುದುಕಿ, ತಲೆ ಅಲ್ಲಾಡಿಸದೆ. "ನಮ್ಮ ಮನೆಯವರು ಫೋಟೋಕ್ಕೆ ಕೂರುವುದು ಹೀಗೇ."