ಕೋಣದ ಎರಡನೇ ಬಾಯಿ

ಪುಟ್ಟಿ, ಸಣ್ಯಾ, ಮುತ್ಯಾನ ಕಾರಿಗೆ ಈಗಿರುವ ಕಾರ್ಬೊರೇಟರ್ ಆರಿಸಿದ್ದು ಯಾರು ಎಂದು ನೀವಿಬ್ಬರೂ ಹೋದ ಸಲ ನಮ್ಮ ಮನೆಗೆ ಬಂದಾಗ ಜಗಳಾಡಿದಿರಿ. ಸಣ್ಯಾ ಮಿಸ್ತ್ರಿ ಎಂದ, ಪುಟ್ಟಿ ಮಾವ ಎಂದಳು. ನಾನು ಅಲ್ಲೇ ರೊಟ್ಟಿ ಬಡಿಯುತ್ತ ಕೂತಿದ್ದೆ. ನಾಲ್ಕು ಮಂದಿಯ ನಡುವೆ ನನಗೆ ಮಾತು ಹೊರಡುವುದಿಲ್ಲ, ನಿಮಗೇ ಗೊತ್ತು. ಬರೆಯುವುದಾದರೆ ಬರೆಯಬಲ್ಲೆ. ಬಿಜ್ಜರಗಿಯ ಸಾಲೆಯಲ್ಲಿ ನನ್ನ ಅಕ್ಷರ ದುಂಡಗೆ ಇತ್ತು, ಈಗಲೂ ಪೂರ್ತಿ ಕೆಟ್ಟಿಲ್ಲ. ಆದ್ದರಿಂದ ಬರೆದೇ ಹೇಳುತ್ತೇನೆ. ಆರಿಸಿದ್ದು ನಾನು.

ನೀವು ಅಥಣಿ ರಸ್ತೆಯಲ್ಲಿ ದಿನಾ ನೋಡುವ ಕಾರುಗಳ ಹಾಗಲ್ಲ ಅದು. ಉದ್ದ ಮೂತಿ, ಅಗಲ ಬೆನ್ನು, ಕಪ್ಪು ಬಣ್ಣ. ದ್ರಾಕ್ಷಿ ಚೆನ್ನಾಗಿ ಬಂದ ಒಂದು ವರ್ಷ ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಅದನ್ನು ಯಾರದೋ ಕೈಯಿಂದ ಕೊಂಡು ತಂದರು. ನಮ್ಮ ತಿಕೋಟಾದ ಮಂದಿ ಅದಕ್ಕೆ ಕೋಣ ಎಂದು ಹೆಸರಿಟ್ಟರು. ಊರೊಳಗೆ ಅದು ನಿಜಕ್ಕೂ ಕೋಣದ ಹಾಗೇ ಮೆಲ್ಲಗೆ ನಡೆಯುತ್ತಿತ್ತು. ಬಬಲೇಶ್ವರದ ದಾರಿಯಲ್ಲಿ ನೆಟ್ಟಗಿನ ರಸ್ತೆ ಬಂತೆಂದರೆ ಅವರು ಒಮ್ಮೆ ನನ್ನ ಕಡೆ ನೋಡಿ ಕಾಲನ್ನು ಪೂರ್ತಿ ಒತ್ತುತ್ತಿದ್ದರು. ಆಗ ಕಾರಿನ ಹೊಟ್ಟೆಯೊಳಗಿಂದ ಬೇರೆಯೇ ದನಿ ಬರುತ್ತಿತ್ತು. ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು, ರಸ್ತೆ ಬದಿಯ ಜಾಲಿಗಿಡಗಳು ಒಂದಕ್ಕೊಂದು ಕೂಡಿಕೊಂಡು ಓಡುತ್ತಿದ್ದವು.

"ಎರಡನೇ ಬಾಯಿ ತೆರೀತು ನೋಡು," ಎನ್ನುತ್ತಿದ್ದರು. "ಅಂಜಿಕಿ ಬಂತೇನು?"

"ಹೂಂ," ಎನ್ನುತ್ತಿದ್ದೆ. ಸುಳ್ಳು. ನಗು ಹೊರಗೆ ಬರಬಾರದೆಂದು ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರುತ್ತಿದ್ದೆ. ಇನ್ನೊಮ್ಮೆ ಒತ್ತಲಿ ಎಂದು ಮನಸ್ಸು ಕುಣಿಯುತ್ತಿತ್ತು. ಅವರಿಗೆ ಅದು ತಿಳಿದಿತ್ತೆಂದು ಕಾಣುತ್ತದೆ, ಕೇಳದೆಯೇ ಇನ್ನೊಮ್ಮೆ ಒತ್ತುತ್ತಿದ್ದರು.

ಅವರು ಹೋದ ಮೇಲೆ ಕಾರನ್ನು ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಶೆಡ್ಡಿನಲ್ಲಿ ನಿಲ್ಲಿಸಿದೆವು. ಮೇಲೆ ತಗಡು, ಸುತ್ತ ಹಸಿರು ಪರದೆ, ಸದಾ ಗಾಳಿ. ಅದಕ್ಕಿಂತ ಒಣಗಿದ ಜಾಗ ನಮ್ಮಲ್ಲಿ ಇಲ್ಲ. ಆದರೆ ಅದರ ಪಕ್ಕದಲ್ಲೇ ದ್ರಾಕ್ಷಿಗೆ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುವ ಕೋಣೆ ಇದೆ. ಪ್ರತಿ ಸುಗ್ಗಿಯಲ್ಲೂ ಅದರ ಬಾಗಿಲು ತೆರೆದಾಗ ಹೊಗೆ ನೇರ ಕಾರಿನ ಮೂತಿಗೆ ಹೋಗುತ್ತಿತ್ತು. ನಮಗೆ ಕಣ್ಣುರಿ ಬರುತ್ತಿತ್ತು, ಕೆಮ್ಮು ಬರುತ್ತಿತ್ತು. ಕಾರಿಗೆ ಏನಾದೀತು ಎಂದು ಯಾರಿಗೂ ಹೊಳೆಯಲಿಲ್ಲ.

ಈ ವರ್ಷ ಸುಗ್ಗಿಗೆ ಮೊದಲು ನನ್ನ ಮಗ, ನಿಮ್ಮ ಮಾವ, ಹೇಳಿದ, "ಯವ್ವಾ, ಮಣೂಕದ ರ‍್ಯಾಕಿಗೆ ಜಾಗ ಸಾಲವಲ್ದು. ಕೋಣ ಕೊಟ್ಟುಬಿಡೋಣು. ಗುಜರಿಯಾಂವ ಸೋಮವಾರ ಗಾಡಿ ತರ್ತಾನ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಹಣ್ಣು ಬಳ್ಳಿಯಲ್ಲಿ ತಯಾರಾಗಿ ನಿಂತಿತ್ತು. ಆದರೂ ಕೇಳಿದೆ, "ಚಾಲೂ ಆದ್ರ?"

ಅವನು ನಕ್ಕ. "ಚಾಲೂ ಆಗಿ, ಬಬಲೇಶ್ವರಕ್ಕ ಹೋಗಿ, ಯಾರೂ ಎಳೀದಂಗ ತನ್ನ ಕಾಲ ಮ್ಯಾಲ ತಿರುಗಿ ಬಂದ್ರ ಇರ್ಲಿ ಬಿಡಬೇ. ಬ್ಯಾರೆ ಕಡೆ ನೆರಳು ಮಾಡ್ತೇನಿ."

ಚೇಷ್ಟೆಗೆ ಹೇಳಿದ್ದ. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮರುದಿನವೇ ಕಾರನ್ನು ಎಳೆಸಿಕೊಂಡು ವಿಜಯಪುರದ ಗ್ಯಾರೇಜಿಗೆ ಹೋದೆವು. ನಾನೂ ಬರುತ್ತೇನೆ ಎಂದಾಗ ನಿಮ್ಮ ಮಾವ ನನ್ನ ಮುಖವನ್ನೇ ನೋಡಿದ.

ಮಿಸ್ತ್ರಿ ನಡುವಯಸ್ಸಿನವನು, ಮಾತಿನ ಮಲ್ಲ. ಎಂಜಿನ್ನಿಗೆ ಎಣ್ಣೆ ಬಿಟ್ಟು ತಿರುಗಿಸಿ ನೋಡಿ, ಗಟ್ಟಿ ಇದೆ ಎಂದ. ಆಮೇಲೆ ಕಾರ್ಬೊರೇಟರ್ ಬಿಚ್ಚಿ ನನ್ನ ಮುಂದೆ ಹಿಡಿದ. ಎಂಜಿನ್ನಿಗೆ ಗಾಳಿ ಪೆಟ್ರೋಲು ಎರಡನ್ನೂ ಕಲಸಿ ಕುಡಿಸುವ ಭಾಗ ಅದು. ಮುಟ್ಟಿದರೆ ಬಿಳಿ ಪುಡಿ ಉದುರುತ್ತಿತ್ತು.

"ಇದಕ್ಕ ಮಣೂಕದ ಹೊಗಿ ಹತ್ತೇತ್ರಿ ಯವ್ವಾರ," ಎಂದ. "ನಿಮ್ಮ ಮಣೂಕ ಬಂಗಾರ ಆಗೇತಿ, ಇದು ಸುಣ್ಣ ಆಗೇತಿ."

ಅದಕ್ಕೆ ಹೊಂದುವಂಥವು ಅವನ ಹತ್ತಿರ ಎರಡು ಇದ್ದವು. ಗೋಣಿಚೀಲ ಹಾಸಿ ಪಕ್ಕಪಕ್ಕ ಇಟ್ಟ. ಒಂದು ಸಣ್ಣದು, ಒಂದೇ ಬಾಯಿಯದು. ಇನ್ನೊಂದು ದೊಡ್ಡದು, ಎರಡು ಬಾಯಿಯದು, ಕಾಲು ಪೂರ್ತಿ ಒತ್ತಿದಾಗ ಮಾತ್ರ ಎರಡನೆಯದು ತೆರೆಯುವಂಥದು, ಸುಣ್ಣವಾದ ನಮ್ಮದರ ಜಾತಿಯದೇ.

"ಸಿಂಗಲ್ ಅಂದ್ರ ಮನಿ ಎಮ್ಮಿ ಇದ್ದಂಗ್ರಿ. ಇವತ್ತ ಕೂಡಿಸಿದ್ರ ಇವತ್ತ ನಡೀತೈತಿ, ಪೆಟ್ರೋಲ್ ಕಡಿಮಿ. ಡಬಲ್ ಅಂದ್ರ ಹೋರಿ. ಸೆಟ್ಟಿಂಗ್ ಕೂಡಿದ್ರ ಹಾರತೈತಿ, ಕೂಡಲಿಲ್ಲಂದ್ರ ನಡುದಾರ್ಯಾಗ ಕೈ ಕೊಡತೈತಿ."

"ಎಮ್ಮಿ ಹಾಕ್ರಿ," ಎಂದ ನಿಮ್ಮ ಮಾವ. "ನಮ್ಮವ್ವ ಗುಡಿಗೆ ಹೋಗಾಕ ಹೋರಿ ಯಾಕ?"

ಚಹಾ ಕುಡಿಯುತ್ತ ನಿಂತಿದ್ದ ಗಂಡಸರೆಲ್ಲ ನಕ್ಕರು. ನಾನು ನೆಲ ನೋಡುತ್ತ "ಡಬಲ್ ಇರ್ಲಿ" ಎಂದೆ. ಯಾರಿಗೂ ಕೇಳಿಸಲಿಲ್ಲ. ಮಿಸ್ತ್ರಿ ಸಣ್ಣದನ್ನು ಎತ್ತಿಕೊಂಡೂ ಆಗಿತ್ತು. ಸೆರಗು ಬಿಗಿ ಮಾಡಿಕೊಂಡು ಇನ್ನೊಮ್ಮೆ ಹೇಳಿದೆ, "ಯಪ್ಪಾ, ಅದಲ್ಲ. ಡಬಲ್ ಹಾಕ್ರಿ."

ನಗು ನಿಂತಿತು. "ಯಾಕ ಬೇ?" ಎಂದ ನಿಮ್ಮ ಮಾವ. "ನಡುದಾರ್ಯಾಗ ನಿಂತ್ರ ಸೋಮವಾರ ಗುಜರಿ. ನೆನಪೈತಿಲ್ಲ?"

ನೆನಪಿತ್ತು. ಆದರೆ ಎಮ್ಮೆಯ ಬಾಯಿ ಹಾಕಿದರೆ ಉಳಿಯುವುದು ಬರೀ ತಗಡು, ನಾನು ಕೂತಿದ್ದ ಕಾರಲ್ಲ. ಇಷ್ಟೆಲ್ಲ ಆ ಗಂಡಸರ ಮುಂದೆ ಹೇಗೆ ಹೇಳಲಿ? "ದನಿ ಬ್ಯಾರೆ ಆಗತೈತಿ," ಎಂದಷ್ಟೇ ಅಂದೆ. ಮಿಸ್ತ್ರಿ ನನ್ನನ್ನು ನೋಡಿದ, ಸಣ್ಣದನ್ನು ಕೆಳಗಿಟ್ಟು ದೊಡ್ಡದನ್ನು ಎತ್ತಿಕೊಂಡ.

ಭಾನುವಾರ ಬೆಳಿಗ್ಗೆ ಮಿಸ್ತ್ರಿ ಗ್ಯಾರೇಜಿನಿಂದ ನಡೆಸಿಕೊಂಡು ತಂದ ಕಾರು ನಮ್ಮ ಅಂಗಳದಲ್ಲಿ ಗುರುಗುಟ್ಟುತ್ತ ನಿಂತಿತ್ತು. ನಿಮ್ಮ ಮಾವ ನಡೆಸಲು ಕೂತ, ಮಿಸ್ತ್ರಿ ಸಾಮಾನಿನ ಚೀಲ ಹಿಡಿದು ಹಿಂದೆ, ನಾನು ಮುಂದೆ ನನ್ನ ಜಾಗದಲ್ಲಿ. ನೀರಿನ ಬಾಟಲಿ, ರೊಟ್ಟಿ ಗಂಟು ಇದ್ದ ಕೈಚೀಲವನ್ನು ಎದುರಿಗಿದ್ದ ಗುಂಡಿಗೆ ತೂಗುಹಾಕಿದೆ. ಊರು ದಾಟುವವರೆಗೆ ಮಕ್ಕಳು ಹಿಂದೆ ಓಡಿ ಬಂದರು.

ಊರು ಹಿಂದೆ ಬಿದ್ದ ಸ್ವಲ್ಪ ಹೊತ್ತಿಗೆ ಕಾರು ಕೆಮ್ಮತೊಡಗಿತು. ಕಪ್ಪು ಹೊಗೆ ಎದ್ದಿತು. ಪೆಟ್ರೋಲಿನ ವಾಸನೆ ಒಳಗೆಲ್ಲ ತುಂಬಿತು. ಒಂದೆರಡು ಸಲ ಜಗ್ಗಾಡಿ ನಿಂತೇ ಬಿಟ್ಟಿತು.

ಮಿಸ್ತ್ರಿ ಬಾನೆಟ್ ಎತ್ತಿ ತಿರುಪು ತಿರುವಿದ, ಊದಿದ, ತಲೆ ಕೆರೆದುಕೊಂಡ. "ಮುಂಜಾನಿ ಛಲೋ ಇತ್ತಲ್ರಿ. ಈಗ ಹೋರಿ ನೀರು ಕುಡದಂಗ ಪೆಟ್ರೋಲ್ ಕುಡ್ಯಾಕತ್ತೈತಿ. ಯಾಕೋ ತಿಳಿವಲ್ದು."

"ಹಗ್ಗ ತಗೀರಿ," ಎಂದ ನಿಮ್ಮ ಮಾವ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರ ಇತ್ತು. ಡಿಕ್ಕಿಯಿಂದ ಹಗ್ಗ ತೆಗೆಯುವುದನ್ನು ಕನ್ನಡಿಯಲ್ಲಿ ನೋಡಿದೆ. ಹಗ್ಗ ಕಟ್ಟಿದರೆ ಮುಗಿಯಿತು, ಕೋಣ ತನ್ನ ಕಾಲ ಮೇಲೆ ಬಂದ ಹಾಗಾಗುವುದಿಲ್ಲ.

ಪಾಪ, ಬಿಸಿಲಲ್ಲಿ ನಿಂತಿದ್ದಾರೆ, ನೀರಾದರೂ ಕೊಡೋಣ ಎಂದು ಚೀಲಕ್ಕೆ ಕೈ ಹಾಕಿದೆ. ಚೀಲ ಮೊದಲಿದ್ದ ಜಾಗದಲ್ಲಿ ಇರಲಿಲ್ಲ, ಮೊಣಕಾಲಿನ ಹತ್ತಿರ ಬಂದಿತ್ತು. ಅದನ್ನು ಹಾಕಿದ್ದ ಕರಿ ಗುಂಡಿ ಉದ್ದಕ್ಕೆ ಹೊರಗೆ ಬಂದು ನಿಂತಿತ್ತು.

ಕಿವಿಯಲ್ಲಿ ನಿಮ್ಮ ಮುತ್ಯಾ ಕೂಗಿದ ಹಾಗಾಯಿತು: "ಅದು ಗೂಟ ಅಲ್ಲ ಮಾರಾಯ್ತಿ, ಚೋಕ್. ನೀ ಚೀಲ ಹಾಕಿದ್ರ ಕಾರಿಗೆ ಉಬ್ಬಸ ಬರತೈತಿ."

ಆ ಗುಂಡಿ ಹೊರಗೆ ಬಂದರೆ ಗಾಳಿ ತಡೆದು ಎಂಜಿನ್ನಿಗೆ ಪೆಟ್ರೋಲೇ ಹೆಚ್ಚು ಹೋಗುತ್ತದೆ. ಪ್ರತಿ ಸಲ ಬೈಸಿಕೊಳ್ಳುತ್ತಿದ್ದೆ, ಪ್ರತಿ ಸಲ ಅಲ್ಲೇ ಹಾಕುತ್ತಿದ್ದೆ. ಇಷ್ಟು ವರ್ಷಗಳಾದ ಮೇಲೂ ಕೈ ತಾನಾಗಿಯೇ ಅಲ್ಲಿಗೆ ಹೋಗಿತ್ತು. ಗುಂಡಿಯನ್ನು ಒಳಗೆ ದೂಡಿ, ಕಿಟಕಿಯಿಂದ ತಲೆ ಹಾಕಿ ಕೂಗಿದೆ. ರಸ್ತೆಯ ಮೇಲೆ ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು. "ಹಗ್ಗ ಕಟ್ಟಬ್ಯಾಡ್ರಿ. ನನ್ನ ಚೀಲ ಚೋಕ್ ಎಳದೈತಿ."

ಮಿಸ್ತ್ರಿ ಬಂದು ನೋಡಿದ, ಚೀಲ ನೋಡಿದ, ನಗುತ್ತ ರಸ್ತೆ ಬದಿಗೇ ಕೂತುಬಿಟ್ಟ. "ನಾ ಎಂಜಿನ್ ಜಾತಕ ನೋಡಾಕತ್ತೇನಿ, ಇಲ್ಲಿ ರೊಟ್ಟಿ ಗಂಟು ಕಾರ್ ಕಟ್ಟಿ ಹಾಕೇತಿ."

ಸ್ವಲ್ಪ ಹೊತ್ತು ಆರಲು ಬಿಟ್ಟು ಚಾವಿ ತಿರುವಿದರು. ಕೋಣ ಒಂದು ಸಲ ಕೆಮ್ಮಿ ಎದ್ದಿತು. ಚೀಲ ಈಗ ನನ್ನ ತೊಡೆಯ ಮೇಲಿತ್ತು. ನೆಟ್ಟಗಿನ ರಸ್ತೆ ಬಂತು, ಎದುರಿಗೆ ಒಂದು ಗಾಡಿಯೂ ಇಲ್ಲ. ನಿಮ್ಮ ಮಾವ ನನ್ನ ಕಡೆ ನೋಡಿದ, ಥೇಟ್ ಅವರಪ್ಪ ನೋಡುತ್ತಿದ್ದ ಹಾಗೆ, ಕಾಲನ್ನು ಪೂರ್ತಿ ಒತ್ತಿದ.

ಎರಡನೇ ಬಾಯಿ ತೆರೆಯಿತು. ಅದೇ ದನಿ. ಬೆನ್ನು ಸೀಟಿಗೆ ಅಂಟಿತು, ಜಾಲಿಗಿಡಗಳು ಓಡಿದವು. ಸೆರಗನ್ನು ಹಲ್ಲಿನಲ್ಲಿ ಕಚ್ಚಿದ್ದೆ, ಅದು ಎಲ್ಲಿ ಜಾರಿತೋ, ಗಟ್ಟಿಯಾಗಿ ನಕ್ಕುಬಿಟ್ಟೆ. ಹಿಂದಿನಿಂದ ಮಿಸ್ತ್ರಿಯೂ ಕೇಕೆ ಹಾಕಿದ.

"ಅಂಜಿಕಿ ಬಂತೇನ ಬೇ?" ಎಂದ ನಿಮ್ಮ ಮಾವ.

"ಇಲ್ಲ," ಎಂದೆ. "ಇನ್ನೊಮ್ಮಿ ಒತ್ತು."

ಬಬಲೇಶ್ವರದಲ್ಲಿ ಕಬ್ಬಿನ ಹಾಲು ಕುಡಿದೆವು, ಕೋಣ ತನ್ನ ಕಾಲ ಮೇಲೆಯೇ ತಿರುಗಿ ಬಂತು. ಗುಜರಿಯವನಿಗೆ ಬರಬೇಡ ಎಂದು ನಿಮ್ಮ ಮಾವ ಅಂಗಳದಲ್ಲಿ ನಿಂತೇ ಫೋನ್ ಮಾಡಿದ. ಈಗ ಕೋಣ ಬೇವಿನ ಮರದ ಕೆಳಗೆ ಹೊಸ ತಗಡಿನ ನೆರಳಲ್ಲಿದೆ, ಗಂಧಕದ ಹೊಗೆಗೆ ದೂರ. ಮುಂದಿನ ಸಲ ಬಂದಾಗ ಹತ್ತಿ ಕೂತುಕೊಳ್ಳಿ. ಕರಿ ಗುಂಡಿಗೆ ಮಾತ್ರ ಏನನ್ನೂ ತೂಗುಹಾಕಬೇಡಿ.

ಈ ಹಾಳೆಗಳನ್ನು ಓದಿದ ಮೇಲೆ ಮಡಚಿ, ಬರುವಾಗ ತಂದು, ಕಾರಿನಲ್ಲಿ ನಾನು ಕೂರುವ ಸೀಟಿನ ಎದುರಿಗಿರುವ ಖಾನೆಯಲ್ಲಿ ಇಡಿ. ಒಣಗಿದ ಜಾಗವೆಂದು ಯಾರಾದರೂ ಹೇಳಿದರೂ ಶೆಡ್ಡಿನಲ್ಲಿ ಮಾತ್ರ ಇಡಬೇಡಿ. ಕಾರ್ಬೊರೇಟರನ್ನೇ ತಿಂದ ಹೊಗೆ ಅದು, ನನ್ನ ದುಂಡಗಿನ ಅಕ್ಷರವನ್ನು ಬಿಟ್ಟೀತೇ? ಜೋಪಾನ ಮಾಡಿ.